ಬೆಲೆ ಕಟ್ಟುವವರ ಹೊಣೆ

ವಿಶಾಖಪಟ್ಟಣದಲ್ಲಿ ದುಡಿಯುವ ನಮ್ಮ ಹೋಟೆಲು ಕೆಲಸಗಾರರೂ ಗುಮಾಸ್ತರೂ ನಾಲ್ಕು ಕಾಸು ಕೂಡಿಟ್ಟೊಡನೆ ಪೆಂಡುರ್ತಿಯ ಕಡೆಗೆ ಮನೆ, ನಿವೇಶನಗಳನ್ನು ನೋಡಲು ಹೊರಡುವುದು ಈಗ ವಾಡಿಕೆಯಾಗಿದೆ. ಪಟ್ಟಣದೊಳಗೆ ಅಂಗೈಯಗಲದ ನೆಲವೂ ಸಂಬಳಗಾರನ ಕೈಗೆಟುಕದು. ಪೆಂಡುರ್ತಿಯಲ್ಲಾದರೋ ರೈಲು ನಿಲ್ದಾಣವಿದೆ, ಬಸ್ಸಿನ ಸೌಕರ್ಯವಿದೆ, ಮಹಾನಗರಪಾಲಿಕೆಯ ಮೇರೆಯೂ ಅಲ್ಲಿಯವರೆಗೆ ಹಬ್ಬಿದೆ. ಊರಿನ ಗದ್ದೆ ಪಾಲಾಗಿ ಹರಿದುಹೋದ ಮೇಲೆ ಪರನಾಡಿನಲ್ಲಾದರೂ ನೂರು ಗಜದ ನೆಲವೊಂದು ನಮ್ಮದೆಂದು ಇರಲಿ ಎಂಬ ಆಸೆ ಸಹಜವಾದುದೇ. ಅದನ್ನು ನಾವು ತಪ್ಪೆನ್ನಲಾರೆವು.

ಆದರೆ ಆ ಆಸೆಗೂ ಬ್ಯಾಂಕಿನ ಸಾಲಕ್ಕೂ ನಡುವೆ ಒಬ್ಬ ವ್ಯಕ್ತಿ ನಿಂತಿರುತ್ತಾನೆ. ಸಾಲಗಾರನಿಗೆ ಆತನ ಹೆಸರು ತಿಳಿದಿರುವುದಿಲ್ಲ. ಮುಖ ಕಂಡಿರುವುದೂ ಅಪರೂಪ. ಬ್ಯಾಂಕಿನವರು ಆತನನ್ನು ವ್ಯಾಲ್ಯುಯರ್ ಎನ್ನುತ್ತಾರೆ; ಕಾಗದಪತ್ರಗಳ ಭಾಷೆಯಲ್ಲಿ ಆತನು ಮೌಲ್ಯಮಾಪಕ. ಮನೆ ಎಷ್ಟು ಬಾಳುತ್ತದೆಂದು ಬರೆದುಕೊಡುವುದು ಆತನ ಕಸುಬು. ಆತನು ಬರೆದ ಅಂಕಿಯ ಮೇಲೆಯೇ ಸಾಲ ನಿಲ್ಲುತ್ತದೆ. ಅಂಥವನು ಕಸುಬಿನ ಧರ್ಮವನ್ನು ಬಿಟ್ಟು ನಡೆದರೆ ಅವನಿಗೆ ಶಿಕ್ಷೆ ಯಾವುದು, ಅದನ್ನು ವಿಧಿಸುವವರು ಯಾರು ಎಂಬ ವಿಷಯವಾಗಿ ಇಂದು ನಮ್ಮ ವಾಚಕರ ಮುಂದೆ ಕೆಲವು ಮಾತುಗಳನ್ನಿಡಲು ಬಯಸುತ್ತೇವೆ.

ಇದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡೋಣ. ಕುಂದಾಪುರದ ಕಡೆಯಿಂದ ಬಾಲ್ಯದಲ್ಲಿಯೇ ಇತ್ತ ಬಂದು, ಲೋಟ ತೊಳೆಯುವ ಕೆಲಸದಿಂದ ಮೊದಲ್ಗೊಂಡು, ಮಾಣಿಯಾಗಿ, ಕಡೆಗೆ ಗಲ್ಲಾದ ಮೇಲೆ ಕುಳಿತವರೊಬ್ಬರು ನಮಗೆ ಪರಿಚಿತರು. ಅವರು ಪೆಂಡುರ್ತಿಯ ಹೊರವಲಯದಲ್ಲಿ ಎರಡಂತಸ್ತಿನ ಒಂದು ಪುಟ್ಟ ಮನೆಯನ್ನು ಬ್ಯಾಂಕಿನ ಸಾಲದಿಂದ ಕೊಂಡರು. ಮೌಲ್ಯಮಾಪಕನ ಶುಲ್ಕವನ್ನು ತಾವೇ ತೆತ್ತರು; ಆತನ ವರದಿ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ಮಾರುವವನು ಹೇಳಿದ ಬೆಲೆಯೇ ವರದಿಯಲ್ಲಿಯೂ ಬಂದಿದೆಯೆಂದು ಕೇಳಿ, ತಾವು ಮೋಸಹೋಗಲಿಲ್ಲವೆಂದು ಸಮಾಧಾನಪಟ್ಟರು. 2020ರಲ್ಲಿ ಲಾಕ್‌ಡೌನ್ ಬಂದು ಹೋಟೆಲು ಮುಚ್ಚಿತು. ಕಂತುಗಳು ನಿಂತವು. ಮನೆ ಹರಾಜಿಗೆ ಬಂದಾಗ ಬ್ಯಾಂಕು ಮತ್ತೊಬ್ಬ ಮೌಲ್ಯಮಾಪಕನನ್ನು ಕಳುಹಿಸಿತು. ಆತನು ಮೊದಲಿನ ಅಂಕಿಯ ಅರ್ಧಕ್ಕಿಂತ ತುಸು ಹೆಚ್ಚು ಬರೆದನು. ಮೇಲಿನ ಅಂತಸ್ತಿಗೆ ಮಂಜೂರಾದ ನಕ್ಷೆಯಿಲ್ಲ, ಕಾಗದದಲ್ಲಿ ತೋರಿಸಿದಷ್ಟು ಅಗಲದ ದಾರಿಯೂ ಇಲ್ಲ ಎಂದು ಕಾರಣ ಕೊಟ್ಟನು. ಮನೆ ಹೋಯಿತು. ಹರಾಜಿನ ಹಣ ಸಾಲಕ್ಕೆ ಸಾಲದೆ, ಉಳಿದ ಬಾಕಿ ಇಂದಿಗೂ ಅವರ ತಲೆಯ ಮೇಲಿದೆ.

ಅವರು ನಮ್ಮಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಸ್ವಾಮಿ, ಎರಡನೆಯವನಿಗೆ ಕಂಡ ದಾರಿ ಮೊದಲನೆಯವನಿಗೆ ಯಾಕೆ ಕಾಣಲಿಲ್ಲ?" ಬ್ಯಾಂಕಿನಲ್ಲಿ ವಿಚಾರಿಸಿದಾಗ, ಆ ಮೊದಲನೆಯವನನ್ನು ಪ್ಯಾನೆಲಿನಿಂದ ತೆಗೆದುಹಾಕಿದ್ದೇವೆ ಎಂಬ ಉತ್ತರ ಬಂತು. ಆತನಾದರೋ ಅದೇ ಪೇಟೆಯಲ್ಲಿ ಬೇರೊಂದು ಸಾಲ ಸಂಸ್ಥೆಯ ಪ್ಯಾನೆಲಿನಲ್ಲಿ ಸುಖವಾಗಿದ್ದನು!

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳದಿದ್ದರೆ ಈ ಲೇಖನ ಪ್ರಾಮಾಣಿಕವಾಗದು. ನಾವು ಪತ್ರಿಕೆಯ ಮೇಜಿಗೆ ಬರುವ ಮೊದಲು ಹೋಟೆಲು ನಡೆಸಿದವರು. ಕಟ್ಟಡವನ್ನು ಈಡಿಟ್ಟು ಸಾಲ ಎತ್ತಲು ಹೊರಟಾಗ ನಮ್ಮಲ್ಲಿಗೂ ಒಬ್ಬ ಮೌಲ್ಯಮಾಪಕನು ಬಂದಿದ್ದನು. ಅಡಿಗೆಮನೆಯನ್ನು ಇಣುಕಿಯೂ ನೋಡದೆ, ಕಾಫಿ ಕುಡಿಯುತ್ತ, "ನಿಮಗೆ ಎಷ್ಟು ಬೇಕು?" ಎಂದು ಕೇಳಿದನು. ನಾವು ಅಂಕಿ ಹೇಳಿದೆವು, ಆತನು ಬರೆದುಕೊಂಡನು. ಹೋಗುವಾಗ ಲಕೋಟೆಯೊಂದನ್ನು ಕೈಗಿತ್ತೆವು. ಬಹಳ ಒಳ್ಳೆಯ ಮನುಷ್ಯನೆಂದು ಅಂದು ನಾಲ್ಕು ಜನರ ಮುಂದೆ ಹೊಗಳಿದ್ದೂ ಉಂಟು. ಕಟ್ಟಡ ತಾಳಲಾರದಷ್ಟು ಸಾಲವನ್ನು ಹೊತ್ತ ಮೇಲೆ ಗಲ್ಲಾಕ್ಕೆ ಬಿದ್ದುದೆಲ್ಲ ಕಂತಿಗೇ ಹೋಗತೊಡಗಿತು. ಕೊನೆಗೆ ಹೋಟೆಲನ್ನು ಬಿಟ್ಟುಕೊಡಬೇಕಾಯಿತು. ಹೆಚ್ಚು ಬೆಲೆ ಬರೆದವನು ನಮಗೆ ಉಪಕಾರ ಮಾಡಿದನೆಂದು ಭಾವಿಸುವವರು ನಮ್ಮ ಈ ಅನುಭವವನ್ನು ನೆನಪಿನಲ್ಲಿಡಬೇಕು. ಆತನು ಕೊಟ್ಟದ್ದು ಹಣವಲ್ಲ, ನಾವೇ ತೀರಿಸಬೇಕಾದ ಋಣ.

ಇನ್ನು ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. ನಮ್ಮ ದೇಶದಲ್ಲಿ ಮೌಲ್ಯಮಾಪಕರ ನೋಂದಣಿ ಹೊಸತೇನಲ್ಲ. 1957ರ ಸಂಪತ್ತು ತೆರಿಗೆ ಶಾಸನಕ್ಕೆ 34ಎಬಿ ಎಂಬ ಕಲಮನ್ನು ಸೇರಿಸಿ, ತೆರಿಗೆ ಇಲಾಖೆಯಲ್ಲಿ ಅವರ ಹೆಸರುಗಳನ್ನು ದಾಖಲಿಸುವ ಏರ್ಪಾಡಾಯಿತು. ಕಸುಬಿನಲ್ಲಿ ದುರ್ನಡತೆ ತೋರಿದವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲು ಅದೇ ಶಾಸನದ 34ಎಡಿ ಕಲಮು ಅಧಿಕಾರ ಕೊಟ್ಟಿತು. ವಿಚಿತ್ರವೆಂದರೆ, ಆ ಶಾಸನದ ನಿಯಮಗಳಲ್ಲಿ ಶುಲ್ಕವನ್ನು ಕಟ್ಟಿದ ಬೆಲೆಯ ಮೇಲೆಯೇ ನಿಗದಿ ಮಾಡಿದ್ದರು; ಮೊದಲ 5 ಲಕ್ಷಕ್ಕೆ ನೂರಕ್ಕೆ ಅರ್ಧ ರೂಪಾಯಿಯಂತೆ. ಬೆಲೆ ಏರಿದಷ್ಟೂ ಶುಲ್ಕವೂ ಏರುವುದಾದರೆ ತಕ್ಕಡಿ ಯಾವ ಕಡೆಗೆ ಬಾಗುವುದೆಂಬುದನ್ನು ಹೇಳಲು ಪಂಡಿತರು ಬೇಕಿಲ್ಲ. ಆ ತೆರಿಗೆ 2016ರ ಏಪ್ರಿಲ್ 1ರಿಂದ ರದ್ದಾಯಿತು. ಆದರೆ ಬ್ಯಾಂಕುಗಳು ಈಡನ್ನು ಹರಾಜು ಹಾಕಲು ಅನುಸರಿಸಬೇಕಾದ 2002ರ ನಿಯಮಾವಳಿಯು ಅಂಗೀಕೃತ ಮೌಲ್ಯಮಾಪಕನೆಂದು ಹೆಸರಿಸಿದ್ದು ಆ ಪಟ್ಟಿಯಲ್ಲಿದ್ದು ಬ್ಯಾಂಕಿನ ಒಪ್ಪಿಗೆ ಪಡೆದವನನ್ನೇ.

ತರುವಾಯ 2013ರ ಕಂಪೆನಿ ಶಾಸನದ 247ನೆಯ ಕಲಮು ಬಂತು. ಅದರ ಮೇರೆಗೆ 2017ರ ಅಕ್ಟೋಬರಿನಲ್ಲಿ ನೋಂದಾಯಿತ ಮೌಲ್ಯಮಾಪಕರ ನಿಯಮಗಳು ಪ್ರಕಟವಾದವು. ಇವು ಹಿಂದಿನವುಗಳಿಗಿಂತ ಎಷ್ಟೋ ಮೇಲು ಎಂಬುದನ್ನು ಒಪ್ಪಲೇಬೇಕು. ಮೌಲ್ಯಮಾಪಕನು ತರಬೇತಿ ಹೊಂದಿ ಪರೀಕ್ಷೆ ಪಾಸಾಗಬೇಕು. ಯಾವುದಾದರೊಂದು ಮಾನ್ಯತೆ ಪಡೆದ ಸಂಘದ ಸದಸ್ಯನಾಗಿರಬೇಕು. ತನಗೆ ಹಿತಾಸಕ್ತಿಯಿರುವ ಆಸ್ತಿಗೆ ಬೆಲೆ ಕಟ್ಟಬಾರದು. ಕೆಲಸ ಗೆದ್ದರೆ ಇಷ್ಟು ಎಂದು ಶುಲ್ಕವನ್ನು ಪಡೆಯಬಾರದು. ಗಿರಾಕಿಯ ಅನುಕೂಲಕ್ಕೆ ತಕ್ಕ ಬೆಲೆಯನ್ನು ಬರೆಯಬಾರದು. "ನಿಮಗೆ ಎಷ್ಟು ಬೇಕು?" ಎಂಬ ಪ್ರಶ್ನೆಯೇ ಅಲ್ಲಿ ನಿಷಿದ್ಧವಾಯಿತೆನ್ನಬಹುದು.

ತಪ್ಪಿದವರಿಗೆ ಶಿಕ್ಷೆಯೂ ಇದೆ. ಐ.ಬಿ.ಬಿ.ಐ. ಎಂದು ಕರೆಯಲ್ಪಡುವ ದಿಲ್ಲಿಯ ದಿವಾಳಿತನ ಮಂಡಲಿಯು ಇದರ ಅಧಿಕಾರಿ. 1000 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಅಲ್ಲಿ ದೂರು ಕೊಡಬಹುದು. ಮಂಡಲಿಯು ಕಾರಣ ಕೇಳಿ ನೋಟೀಸು ಕೊಡುತ್ತದೆ, ಆಪಾದಿತನ ವಾದವನ್ನು ಕೇಳುತ್ತದೆ, ಕಾರಣಗಳನ್ನು ತಿಳಿಸಿ ಆಜ್ಞೆ ಹೊರಡಿಸುತ್ತದೆ. ಕ್ರಮವೇ ಬೇಡವೆನ್ನಬಹುದು, ಎಚ್ಚರಿಕೆ ಕೊಡಬಹುದು, ನೋಂದಣಿಯನ್ನು ಕೆಲಕಾಲ ತಡೆಹಿಡಿಯಬಹುದು ಅಥವಾ ರದ್ದುಪಡಿಸಬಹುದು. ಆ ಆಜ್ಞೆಯನ್ನು ಸಾರ್ವಜನಿಕವಾಗಿ ಪ್ರಕಟಿಸಲೂಬೇಕು. ಇದಲ್ಲದೆ 247ನೆಯ ಕಲಮಿನಂತೆ ಕರ್ತವ್ಯ ತಪ್ಪಿದವನಿಗೆ 50,000 ರೂಪಾಯಿ ದಂಡವಿದೆ. ಇದು 2020ರ ತಿದ್ದುಪಡಿಯಿಂದ ಬಂದ ಮೊತ್ತ. ಕಂಪೆನಿಯನ್ನಾಗಲಿ ಅದರ ಸದಸ್ಯರನ್ನಾಗಲಿ ವಂಚಿಸುವ ಉದ್ದೇಶವು ರುಜುವಾತಾದರೆ 1 ವರ್ಷದವರೆಗೆ ಸೆರೆವಾಸ, 1 ಲಕ್ಷದಿಂದ 5 ಲಕ್ಷದವರೆಗೆ ದಂಡ. ಅಷ್ಟೇ ಅಲ್ಲ, ಅಂಥವನು ಪಡೆದ ಶುಲ್ಕವನ್ನು ಹಿಂದಿರುಗಿಸಿ, ಆತನ ವರದಿಯನ್ನು ನಂಬಿ ಕೆಟ್ಟವರ ನಷ್ಟವನ್ನೂ ತುಂಬಿಕೊಡಬೇಕು.

ಇದನ್ನು ಓದಿದ ವಾಚಕರು, ಇಷ್ಟೆಲ್ಲ ಇರುವಾಗ ಮತ್ತೇನು ದೂರು ಎಂದು ಕೇಳಬಹುದು. ದೂರು ಇಲ್ಲಿಯೇ ಇದೆ. ಇವೆಲ್ಲ ಕಂಪೆನಿಗಳ ಆಸ್ತಿಗೂ ದಿವಾಳಿ ಪ್ರಕರಣಗಳಿಗೂ ಹೇಳಿದ ಮಾತು. ಬೇರೆ ಕಾನೂನುಗಳ ಪ್ರಕಾರ ನಡೆಯುವ ಮೌಲ್ಯಮಾಪನಕ್ಕೆ ಈ ನಿಯಮಗಳಿಂದ ಬಾಧೆಯಿಲ್ಲವೆಂದು ಆ ನಿಯಮಗಳಲ್ಲಿಯೇ ಬರೆದಿದೆ. ದೊಡ್ಡ ಕಾರಖಾನೆಯ ಶೇರುದಾರನಿಗೆ ಸಿಗುವ ಈ ರಕ್ಷಣೆ, ಪೆಂಡುರ್ತಿಯಲ್ಲಿ ಮನೆ ಕೊಂಡ ನಮ್ಮ ಗಲ್ಲಾದವರ ಬಳಿಗೆ ಬರುವುದಿಲ್ಲ. ಅವರ ಪಾಲಿಗೆ ಮೌಲ್ಯಮಾಪಕನೆಂದರೆ ಬ್ಯಾಂಕು ಆರಿಸಿದ ಮನುಷ್ಯ. ಅವನಿಗೆ ಶಿಕ್ಷೆಯೆಂದರೆ ಪ್ಯಾನೆಲಿನಿಂದ ಹೆಸರು ತೆಗೆಯುವುದು. ವಂಚನೆಯಲ್ಲಿ ಕೈಗೂಡಿಸಿದ ಮೌಲ್ಯಮಾಪಕರು, ವಕೀಲರು ಮೊದಲಾದವರ ಹೆಸರುಗಳನ್ನು ಬ್ಯಾಂಕುಗಳ ಸಂಘಕ್ಕೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2009ರಲ್ಲಿ ಸೂಚಿಸಿತು. ಆ ಎಚ್ಚರಿಕೆಯ ಪಟ್ಟಿಯಾದರೋ ಬ್ಯಾಂಕುಗಳ ಉಪಯೋಗಕ್ಕೆ, ಸಾಲಗಾರನ ಕಣ್ಣಿಗಲ್ಲ. 2007ರಲ್ಲಿ ಅದೇ ರಿಸರ್ವ್ ಬ್ಯಾಂಕು, 50 ಕೋಟಿ ರೂಪಾಯಿಗೂ ಅದಕ್ಕೆ ಮೇಲ್ಪಟ್ಟೂ ಬಾಳುವ ಆಸ್ತಿಗೆ ಇಬ್ಬರು ಸ್ವತಂತ್ರ ಮೌಲ್ಯಮಾಪಕರ ವರದಿ ಬೇಕೆಂದಿತು. ಐವತ್ತು ಕೋಟಿಯ ಧಣಿಗೆ ಇಬ್ಬರು. ಮಾಣಿಗೆ ಸ್ಕೂಟರಿನಿಂದ ಇಳಿಯದೆ ಫೋಟೋ ತೆಗೆದುಕೊಂಡು ಹೋಗುವ ಒಬ್ಬ!

ಹಾಗಾದರೆ ನ್ಯಾಯಾಲಯವಿಲ್ಲವೇ ಎಂದರೆ, ಇದೆ. ಆದರೆ ಅದರ ದಾರಿ ಬೇರೆ. ನಮ್ಮ ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ವಿಜಯಾ ಬ್ಯಾಂಕಿನ ಹೈದರಾಬಾದಿನ ನಾರಾಯಣಗುಡ ಶಾಖೆಯ ಗೃಹಸಾಲಗಳ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 22 ಸಾಲಗಾರರಿಗೆ ಖೊಟ್ಟಿ ದಾಖಲೆಗಳ ಮೇಲೆ ಸಾಲ ಕೊಡಲಾಯಿತೆಂಬುದು ಆಪಾದನೆ. ಶಾಖೆಯ ಅಧಿಕಾರಿಗಳೊಡನೆ ಪ್ಯಾನೆಲಿನ ವಕೀಲರ ಮೇಲೆಯೂ ಮೌಲ್ಯಮಾಪಕರ ಮೇಲೆಯೂ ಸಿ.ಬಿ.ಐ. ಆಪಾದನೆ ಹೊರಿಸಿತ್ತು. ವಕೀಲರ ವಿಷಯದಲ್ಲಿ 2012ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟು, ಅಭಿಪ್ರಾಯ ತಪ್ಪಾಯಿತೆಂಬ ಮಾತ್ರಕ್ಕೆ, ಒಳಸಂಚಿನಲ್ಲಿ ಪಾಲುಗೊಂಡನೆಂಬ ಸಾಕ್ಷ್ಯವಿಲ್ಲದೆ ಯಾರನ್ನೂ ಅಪರಾಧಿಯನ್ನಾಗಿಸಲಾಗದೆಂದು ಹೇಳಿ ಅವರನ್ನು ಬಿಡುಗಡೆ ಮಾಡಿತು. ಹೆಚ್ಚೆಂದರೆ ಅದು ಘೋರ ಅಲಕ್ಷ್ಯ ಅಥವಾ ವೃತ್ತಿ ದುರ್ನಡತೆಯಾದೀತು, ಅದನ್ನೂ ಸಾಕ್ಷ್ಯದಿಂದ ಸ್ಥಾಪಿಸಬೇಕು ಎಂಬುದು ಆ ತೀರ್ಪಿನ ಸಾರ.

ಈ ತೀರ್ಪು ಸರಿಯಾದುದೆಂದೇ ನಮ್ಮ ಅಭಿಪ್ರಾಯ. ತಪ್ಪು ಮಾಡಿದವರನ್ನೆಲ್ಲ ಜೈಲಿಗೆ ಅಟ್ಟತೊಡಗಿದರೆ ನಾಳೆ ಪ್ರಾಮಾಣಿಕನು ಆ ಕಸುಬಿಗೇ ಬರಲಾರನು. ಆದರೆ ತೀರ್ಪಿನ ಎರಡನೆಯ ಮಾತು ನಮ್ಮನ್ನು ಕಾಡುತ್ತದೆ. ವೃತ್ತಿ ದುರ್ನಡತೆಯೆಂದರೆ ವಕೀಲನ ವಿಷಯದಲ್ಲಿ ದೂರು ಕೊಡಲು ಬಾರ್ ಕೌನ್ಸಿಲ್ ಇದೆ; ವೈದ್ಯನಾದರೆ ವೈದ್ಯಕೀಯ ಮಂಡಲಿ ಇದೆ. ಬ್ಯಾಂಕಿನ ಗೃಹಸಾಲಕ್ಕೆ ಬೆಲೆ ಕಟ್ಟುವವನ ದುರ್ನಡತೆಯನ್ನು ಸಾಲಗಾರನು ಯಾವ ಮಂಡಲಿಯ ಮುಂದೆ ಹೇಳಬೇಕು? ಜೈಲಿಗೂ ಕ್ಷಮೆಗೂ ನಡುವೆ ಇರಬೇಕಾದ ಮೆಟ್ಟಿಲುಗಳೇ ಇಲ್ಲಿಲ್ಲ.

ಮೆಟ್ಟಿಲುಗಳು ಯಾಕೆ ಬೇಕೆಂಬುದನ್ನು ಹೋಟೆಲಿನವರು ಚೆನ್ನಾಗಿ ಬಲ್ಲರು. 2006ರ ಆಹಾರ ಸುರಕ್ಷತಾ ಶಾಸನದಂತೆ ಅಧಿಕಾರಿಯು ಅಡಿಗೆಮನೆಯಲ್ಲಿ ಲೋಪ ಕಂಡರೆ ಮೊದಲು ಸುಧಾರಣೆಯ ನೋಟೀಸು ಕೊಡುತ್ತಾನೆ. ಕೇಳದಿದ್ದರೆ ಲೈಸೆನ್ಸು ತಡೆಹಿಡಿಯಲ್ಪಡುತ್ತದೆ. ಅದಕ್ಕೂ ಬಗ್ಗದಿದ್ದರೆ ರದ್ದಾಗುತ್ತದೆ. ಪ್ರಾಣಕ್ಕೆ ಕುತ್ತು ತರುವ ಆಹಾರವನ್ನು ಮಾರಿದವನಿಗೆ ಸೆರೆಮನೆಯೂ ಇದೆ. ಇಡ್ಲಿಯ ಹಿಟ್ಟು ಹುಳಿಯಾದುದೂ ಹಿಟ್ಟಿಗೆ ಬೇರೇನನ್ನೋ ಬೆರೆಸಿದುದೂ ಒಂದೇ ಅಪರಾಧವಲ್ಲವಷ್ಟೆ. ನಾಲ್ಕು ರೂಪಾಯಿಯ ತಿಂಡಿಗೆ ಇಷ್ಟು ವಿವೇಚನೆ ಇರುವಾಗ, ಜೀವಮಾನದ ಗಳಿಕೆಗೆ ಬೆಲೆ ಕಟ್ಟುವವನಿಗೆ ಏಕಿರಬಾರದು?

ಯಾವುದು ತಪ್ಪು, ಯಾವುದು ದುರ್ನಡತೆ ಎಂಬುದಕ್ಕೆ ಈ ಪ್ರಾಂತದಲ್ಲಿಯೇ ಉದಾಹರಣೆಗಳಿವೆ. ಅಮರಾವತಿ ರಾಜಧಾನಿಯಾಗುವುದೆಂದು 2014ರ ತರುವಾಯ ಗೊತ್ತಾದೊಡನೆ ವಿಜಯವಾಡದ ಸುತ್ತಣ ನೆಲದ ಬೆಲೆ ಗಗನಕ್ಕೇರಿತು. 2019ರ ಡಿಸೆಂಬರಿನಲ್ಲಿ ಮೂರು ರಾಜಧಾನಿಗಳ ಮಾತು ಬಂದುದೇ ತಡ, ಅದು ಇಳಿಯಿತು. 2016ರಲ್ಲಿ ಅಲ್ಲಿ ಹೆಚ್ಚು ಬೆಲೆ ಬರೆದ ಮೌಲ್ಯಮಾಪಕನನ್ನು ಇಂದು ಕಳ್ಳನೆನ್ನುವುದು ಅನ್ಯಾಯ. ಬೆಲೆ ಬರೆಯುವುದು ಆ ದಿನದ ಪೇಟೆಯನ್ನು ನೋಡಿ; ಜ್ಯೋತಿಷ್ಯ ಹೇಳುವುದು ಆತನ ಕೆಲಸವಲ್ಲ. ಆ ದಿನ ಅಕ್ಕಪಕ್ಕದಲ್ಲಿ ನಡೆದ ಕ್ರಯಗಳನ್ನು ವಿಚಾರಿಸಿ ಬರೆದಿದ್ದಾನೆಯೇ ಎಂಬುದಷ್ಟೇ ಪ್ರಶ್ನೆ.

ಇನ್ನೊಂದು ಬದಿಯನ್ನು ನೋಡಿರಿ. ಪೆಂಡುರ್ತಿಗೆ ಸಮೀಪದಲ್ಲಿ ಸಿಂಹಾಚಲಂ ದೇವಸ್ಥಾನದ ಪಂಚಗ್ರಾಮಗಳ ಭೂವಿವಾದವಿದೆ. ಅಡವಿವರಂ, ವೇಪಗುಂಟ, ವೆಂಕಟಾಪುರಂ, ಚೀಮಲಾಪಲ್ಲಿ, ಪುರುಷೋತ್ತಪುರಂ ಎಂಬ ಈ ಐದು ಗ್ರಾಮಗಳಲ್ಲಿ ಮನೆ ಕಟ್ಟಿಕೊಂಡ ಸಾವಿರಾರು ಕುಟುಂಬಗಳು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದಿವೆ. ವಿಶಾಖಪಟ್ಟಣದ ಭೂ ಅಕ್ರಮಗಳ ತನಿಖೆಗೆಂದು ಸರಕಾರವು 2017ರಲ್ಲೊಮ್ಮೆ, 2019ರಲ್ಲಿ ಮತ್ತೊಮ್ಮೆ ವಿಶೇಷ ತಂಡಗಳನ್ನು ನೇಮಿಸಿದ್ದೂ ಸರ್ವವಿದಿತ. ಇಂಥ ಸೀಮೆಯಲ್ಲಿ ಬೆಲೆ ಕಟ್ಟುವವನು, ನೆಲವು ಯಾವ ಗ್ರಾಮದ ಯಾವ ಸರ್ವೆ ನಂಬರಿನದು, ನೋಂದಣಿ ಇಲಾಖೆಯ ನಿಷೇಧಿತ ಪಟ್ಟಿಯಲ್ಲಿದೆಯೇ, ದಾರಿ ಇದೆಯೇ, ಮಂಜೂರಾದ ನಕ್ಷೆ ಇದೆಯೇ ಎಂಬುದನ್ನು ನೋಡದೆ ಸಹಿ ಹಾಕಿದರೆ ಅದನ್ನು ಕಣ್ತಪ್ಪು ಎನ್ನಲಾಗದು. ಹಕ್ಕನ್ನು ಪರೀಕ್ಷಿಸುವುದು ವಕೀಲನ ಕೆಲಸವೆಂಬುದು ನಿಜ. ಆದರೆ ಎದುರಿಗೆ ಕಾಣುವ ಸಂಶಯವನ್ನು ವರದಿಯಲ್ಲಿ ಬರೆಯದಿರುವುದು ಅಲಕ್ಷ್ಯ. ಸ್ಥಳಕ್ಕೇ ಹೋಗದೆ ಹೋದೆನೆಂದು ಬರೆಯುವುದು ಸುಳ್ಳು. ಮಾರುವವನಿಂದ ಹಣ ಪಡೆದು ಅಂಕಿ ಏರಿಸುವುದು ವಂಚನೆ. ಮೊದಲನೆಯದಕ್ಕೆ ಎಚ್ಚರಿಕೆಯೂ ಮರುತರಬೇತಿಯೂ ಸಾಕು. ಎರಡನೆಯದಕ್ಕೆ ದಂಡವೂ ಕೆಲಕಾಲ ಕಸುಬಿನಿಂದ ದೂರವಿರಿಸುವುದೂ ಬೇಕು. ಮೂರನೆಯವನು ಮತ್ತೆಂದೂ ಅಳತೆಪಟ್ಟಿ ಹಿಡಿಯಬಾರದು.

ಹೊರದೇಶಗಳಲ್ಲಿ ಇದು ನಡೆದುಬಂದ ಕ್ರಮವೇ ಆಗಿದೆ. ಅಮೆರಿಕದಲ್ಲಿ ಉಳಿತಾಯ ಮತ್ತು ಸಾಲ ಸಂಸ್ಥೆಗಳು ಸಾಲುಸಾಲಾಗಿ ಮುಳುಗಿದಾಗ, ಹುಸಿ ಬೆಲೆಗಳೂ ಅದಕ್ಕೆ ಒಂದು ಕಾರಣವೆಂದು ಕಂಡು, 1989ರಲ್ಲಿ ಕಾನೂನು ಮಾಡಿದರು. ಪ್ರತಿಯೊಂದು ರಾಜ್ಯದಲ್ಲಿಯೂ ಮೌಲ್ಯಮಾಪಕರಿಗೆ ಲೈಸೆನ್ಸು ಕೊಡುವ ಮಂಡಲಿಯಿದೆ. ಎಚ್ಚರಿಕೆ, ಕಡ್ಡಾಯ ಶಿಕ್ಷಣ, ದಂಡ, ಅಮಾನತು, ರದ್ದು ಎಂದು ಅಲ್ಲಿ ಶಿಕ್ಷೆಗೆ ಮೆಟ್ಟಿಲುಗಳಿವೆ. ಲೈಸೆನ್ಸು ಚಾಲ್ತಿಯಲ್ಲಿದೆಯೇ ಎಂಬುದನ್ನು ಯಾವ ನಾಗರಿಕನೂ ದೇಶದ ಪಟ್ಟಿಯಲ್ಲಿ ನೋಡಿಕೊಳ್ಳಬಹುದು. ಇಂಗ್ಲೆಂಡಿನಲ್ಲಿ 1868ರಲ್ಲಿ ಸ್ಥಾಪಿತವಾದ ಸರ್ವೆಯರುಗಳ ಸಂಸ್ಥೆಯು ತನ್ನ ಸದಸ್ಯರನ್ನು ತಾನೇ ವಿಚಾರಿಸಿ, ದಂಡಿಸಿ, ಹೊರಹಾಕಿ, ಆ ತೀರ್ಮಾನಗಳನ್ನು ಪ್ರಕಟಿಸುತ್ತದೆ. ನಮ್ಮಲ್ಲಿಯೂ ಕೇಂದ್ರ ಸರಕಾರವು 2019ರಲ್ಲಿ ಎಂ. ಎಸ್. ಸಾಹು ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿಯು ಈ ಕಸುಬಿಗೆಂದೇ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆಯೊಂದು ಬೇಕೆಂದು ಹೇಳಿ, 2020ರಲ್ಲಿ ಮಸೂದೆಯ ಕರಡನ್ನೇ ಬರೆದುಕೊಟ್ಟಿತು. ಕರಡು ಬಂದು ವರ್ಷಗಳು ಸಂದವು. ಕಾಗದ ಹಳೆಯದಾಗುವ ಮುನ್ನ ಅದನ್ನು ಕಾನೂನಾಗಿಸಬೇಕೆಂಬುದು ನಮ್ಮ ಮೊದಲ ಬೇಡಿಕೆ.

ಬೇರೆ ಬೇಡಿಕೆಗಳೂ ಸರಳವಾದುವೇ. ಶುಲ್ಕ ತೆತ್ತ ಸಾಲಗಾರನಿಗೆ, ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲೇ, ಮೌಲ್ಯಮಾಪನದ ವರದಿಯ ಪ್ರತಿಯನ್ನು ಬ್ಯಾಂಕು ಕೊಡತಕ್ಕದ್ದು. ಒಂದು ಪ್ಯಾನೆಲಿನಿಂದ ದುರ್ನಡತೆಗಾಗಿ ತೆಗೆಯಲ್ಪಟ್ಟವನ ಹೆಸರು, ಆತನ ವಾದವನ್ನು ಕೇಳಿ ತೀರ್ಮಾನವಾದ ಬಳಿಕ, ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ಬರತಕ್ಕದ್ದು. ದೂರನ್ನು ಸಾಲಗಾರನು ತನ್ನ ಭಾಷೆಯಲ್ಲಿ ಬರೆದುಕೊಡುವ ಅವಕಾಶವಿರಬೇಕು; ಆಂಧ್ರದಲ್ಲಿ ಕನ್ನಡಿಗನಿಗೂ, ಕರ್ನಾಟಕದಲ್ಲಿ ತೆಲುಗರವನಿಗೂ. ದಂಡದ ಹಣ ಸರಕಾರದ ಬೊಕ್ಕಸ ಸೇರಿದರೆ ಕೆಟ್ಟವನಿಗೆ ಬಂದ ಲಾಭವೇನು? ನಷ್ಟ ಭರ್ತಿಯ ಏರ್ಪಾಡು ಕಂಪೆನಿಗಳಿಗೆ ಇರುವಂತೆ ಸಣ್ಣ ಸಾಲಗಾರನಿಗೂ ಇರಬೇಕು.

ಪ್ರಾಮಾಣಿಕರಾದ ಮೌಲ್ಯಮಾಪಕರಿಗೆ ಇದರಿಂದ ಭಯವಿಲ್ಲ. ಹೆಚ್ಚು ಬರೆಯಲೊಲ್ಲೆನೆಂದು ಹೇಳಿ ಕೆಲಸ ಕಳೆದುಕೊಂಡವರೂ ಆ ಕಸುಬಿನಲ್ಲಿದ್ದಾರೆ. ಕೆಟ್ಟವನಿಗೆ ಶಿಕ್ಷೆಯಿಲ್ಲದ ಕಡೆ ಮೊದಲು ಸೋಲುವವರು ಇವರೇ. ತೂಕದಲ್ಲಿ ಕಡಿಮೆ ಕೊಡುವ ಅಂಗಡಿಯ ಪಕ್ಕದಲ್ಲಿ ಸರಿಯಾಗಿ ತೂಗುವವನ ವ್ಯಾಪಾರ ಎಷ್ಟು ದಿನ ನಡೆದೀತು?

ಕಾನೂನು ಬರುವವರೆಗೆ ನಮ್ಮವರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಮನೆ ನೋಡಲು ಹೋಗುವಾಗ ಲೆಕ್ಕಪತ್ರ ಬಲ್ಲ ಗುಮಾಸ್ತ ಬಂಧುವೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಮೌಲ್ಯಮಾಪಕನು ಬರುವ ದಿನ ಅರ್ಧ ದಿನದ ರಜೆ ಪಡೆದಾದರೂ ಸ್ಥಳದಲ್ಲಿರಿ. ವರದಿಯ ಪ್ರತಿಯನ್ನು ಬ್ಯಾಂಕಿನಲ್ಲಿ ಬರವಣಿಗೆಯಲ್ಲಿ ಕೇಳಿರಿ. ಇಲ್ಲವೆಂದರೆ ಆ ಉತ್ತರವನ್ನೂ ಬರವಣಿಗೆಯಲ್ಲಿ ಪಡೆಯಿರಿ. ಎಲ್ಲಕ್ಕಿಂತ ಮಿಗಿಲಾಗಿ, "ನಿಮಗೆ ಎಷ್ಟು ಬೇಕು?" ಎಂದು ಯಾರಾದರೂ ಕೇಳಿದರೆ, ಅಂದು ನಾವು ಕೊಡದ ಉತ್ತರವನ್ನು ನೀವು ಕೊಡಿರಿ: "ಇದ್ದಷ್ಟೇ ಬರೆಯಿರಿ."

ನಮ್ಮ ಆ ಗಲ್ಲಾದ ಮಿತ್ರರು ಈಗ ಮತ್ತೊಂದು ಹೋಟೆಲಿನಲ್ಲಿದ್ದಾರೆ. ತಿಂಗಳ ಸಂಬಳದಲ್ಲಿ ಒಂದು ಪಾಲು ಕಳೆದುಹೋದ ಮನೆಯ ಬಾಕಿಗೆ ಹೋಗುತ್ತದೆ. ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವಲ್ಲ, ಸರಕಾರ. ಅದು ಉತ್ತರ ಕೊಡುವವರೆಗೆ ಈ ಪತ್ರಿಕೆಯು ಅವರ ಪರವಾಗಿ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು.